ಕಾಫಿ ತೋಟದಲ್ಲಿ ಪ್ರಾಣಿವರ್ತನೆಯ ಪಾಠ: ದಕ್ಷಿಣ ಕೊಡಗಿನ ಒಂದು ವಾರಾಂತ್ಯ ಶಿಬಿರ

ದಕ್ಷಿಣ ಕೊಡಗಿನಲ್ಲಿ ಹೋಂಸ್ಟೇಗಳಿಗೆ ಬರವಿಲ್ಲ. ಗೋಣಿಕೊಪ್ಪ ದಾಟಿ ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ, ಕುಟ್ಟದ ಕಡೆಗೆ ಹೋದಂತೆಲ್ಲ ರಸ್ತೆಯ ಎರಡೂ ಬದಿಯಲ್ಲಿ ಅವುಗಳ ಫಲಕಗಳು ಕಾಣುತ್ತವೆ. ಬಹುಪಾಲು ಕಡೆ ಸಿಗುವುದು ಒಂದೇ ಸರಕು: ತೋಟದಲ್ಲಿ ಒಂದು ಸುತ್ತು, ರಾತ್ರಿ ಬೆಂಕಿಯ ಮುಂದೆ ಕೂರುವುದು, ಬೆಳಿಗ್ಗೆ ಜೀಪು ಸವಾರಿ. ಇವುಗಳ ನಡುವೆ, ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕರೊಬ್ಬರು ಮತ್ತು ಅವರ ಪತ್ನಿ ತಮ್ಮ ರೋಬಸ್ಟಾ ತೋಟದಲ್ಲಿ ನಡೆಸುತ್ತಿರುವ ವಾರಾಂತ್ಯ ಶಿಬಿರ ಬೇರೆಯೇ ಜಾತಿಯದು. ಪ್ರಾಣಿಗಳು ಹೀಗೇಕೆ ನಡೆದುಕೊಳ್ಳುತ್ತವೆ ಎಂಬ ಒಂದೇ ಪ್ರಶ್ನೆಯನ್ನು ವಿಕಾಸ ಮತ್ತು ತಳಿಶಾಸ್ತ್ರದ ಕಡೆಯಿಂದ ನೋಡಲು ಕಲಿಸುವುದು ಅದರ ಉದ್ದೇಶ. ಜಾಗ ಕಡಿಮೆ, ಬಾಯಿಮಾತಿನಿಂದಲೇ ತುಂಬುತ್ತದೆ, ಹೆಸರು ಬರೆಯಬೇಡಿ ಎಂದು ನಡೆಸುವವರೇ ಕೇಳಿಕೊಂಡದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಪದವಿಪೂರ್ವ ತರಗತಿಗಳಿಗೆ ಜೀವಶಾಸ್ತ್ರ ಕಲಿಸುವ ನನಗೆ ಈ ವಿಷಯ ಹೊಸತಲ್ಲ. ಆದ್ದರಿಂದ ಕಲಿಸುವ ಕ್ರಮದ ಮೇಲೇ ನನ್ನ ಕಣ್ಣಿತ್ತು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಮ್ಮಲ್ಲಿ ಪ್ರಾಣಿಗೂ ಮನುಷ್ಯರಿಗೂ ಒಂದೇ ಸಮನೆ ಅನ್ವಯಿಸಿ ಮಾತು ಮುಗಿಸುವುದು ರೂಢಿ. ಈ ಶಿಬಿರದ ನಿಜವಾದ ಮೌಲ್ಯ, ಆ ಮಾತನ್ನು ಉತ್ತರವೆಂದು ಒಪ್ಪಿಕೊಳ್ಳಲು ಅದು ಬಿಡುವುದಿಲ್ಲ ಎಂಬುದರಲ್ಲಿದೆ. ಇದಕ್ಕೆ ಅವರು ಬಳಸುವ ಸಾಧನ ಹಳೆಯದೇ. ಪ್ರಾಣಿವರ್ತನೆಯ ವಿಜ್ಞಾನಿ ನಿಕೋ ಟಿನ್‌ಬರ್ಗೆನ್ 1963ರಲ್ಲಿ ಒಂದು ಲೇಖನದಲ್ಲಿ, ಯಾವುದೇ ವರ್ತನೆಯ ಬಗ್ಗೆ 'ಏಕೆ' ಎಂದು ಕೇಳಿದಾಗ ನಾವು ವಾಸ್ತವವಾಗಿ ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತಿರುತ್ತೇವೆ ಎಂದು ವಿವರಿಸಿದರು. ಆ ಹೊತ್ತಿಗೆ ದೇಹದೊಳಗೆ ಏನು ನಡೆದು ಆ ವರ್ತನೆ ಹೊರಬೀಳುತ್ತದೆ, ಮರಿಯಿಂದ ಬೆಳೆಯುತ್ತ ಬರುವಾಗ ಅದು ಹೇಗೆ ರೂಪುಗೊಳ್ಳುತ್ತದೆ, ಬದುಕುಳಿಯಲು ಮತ್ತು ಸಂತಾನ ಬೆಳೆಸಲು ಅದರಿಂದ ಏನು ಪ್ರಯೋಜನ, ಪೂರ್ವಜ ಜೀವಿಗಳಲ್ಲಿ ಅದು ಯಾವ ರೂಪದಲ್ಲಿತ್ತು ಎಂಬವೇ ಆ ನಾಲ್ಕು. ಟಿನ್‌ಬರ್ಗೆನ್ ಅವರಿಗೆ ಕೊನ್ರಾಡ್ ಲೊರೆನ್ಜ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರೊಂದಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾದಲ್ಲಿ ಮುಗಿದುಹೋಗುವ ಈ ವಿಂಗಡಣೆಯನ್ನು ಇಲ್ಲಿ ಪ್ರತಿ ಪ್ರಾಣಿಯ ಮುಂದೆ ನಿಲ್ಲಿಸಿ ಮತ್ತೆ ಮತ್ತೆ ಕೇಳಲಾಗುತ್ತದೆ. ಒಂದು ಪ್ರಶ್ನೆಗೆ ಇನ್ನೊಂದರ ಉತ್ತರ ಕೊಟ್ಟವರನ್ನು ಮೇಷ್ಟ್ರು ನಗುತ್ತಲೇ ತಡೆಯುತ್ತಾರೆ.

ಶಿಬಿರದ ಅತ್ಯುತ್ತಮ ಭಾಗ ಜೇನಿನದು. ಅದೊಂದಕ್ಕಾಗಿಯೇ ಹೋಗಿ ಬರಬಹುದು. ಮನೆಯ ಹಿಂದಿನ ಜಗಲಿಯಲ್ಲಿ ಎರಡೂ ಬದಿಗೆ ಗಾಜು ಹಾಕಿದ ಪೆಟ್ಟಿಗೆಯೊಂದರಲ್ಲಿ ತುಡುವೆ ಜೇನಿನ ಕುಟುಂಬವಿದೆ. ಮೇಲೆ ಹೊದಿಸಿದ ಕಪ್ಪು ಬಟ್ಟೆಯನ್ನು ಸರಿಸಿದರೆ ಎರಿಯ ಮೇಲೆ ಮೇವು ಕಂಡು ಬಂದ ನೊಣ ಹೊಟ್ಟೆ ಅಲ್ಲಾಡಿಸುತ್ತ ನೇರವಾಗಿ ಓಡಿ, ಸುತ್ತು ಹಾಕಿ, ಮತ್ತೆ ಅದೇ ಜಾಗಕ್ಕೆ ಬರುವ ಕುಣಿತ ಕಾಣುತ್ತದೆ. ಓಟದ ದಿಕ್ಕು ಮೇಲ್ಮುಖ ಗೆರೆಯೊಂದಿಗೆ ಎಷ್ಟು ಕೋನದಲ್ಲಿದೆಯೋ ಸೂರ್ಯನಿರುವ ದಿಕ್ಕಿನಿಂದ ಅಷ್ಟೇ ಕೋನದಲ್ಲಿ ಹೂವಿದೆ ಎಂದು, ಓಟ ಎಷ್ಟು ಹೊತ್ತು ನಡೆಯುತ್ತದೋ ಅದಕ್ಕೆ ತಕ್ಕ ದೂರದಲ್ಲಿ ಇದೆ ಎಂದು ಫಾನ್ ಫ್ರಿಶ್ ತೋರಿಸಿಕೊಟ್ಟದ್ದನ್ನು ಓದದವರಿಲ್ಲ. ಇಲ್ಲಿ ನಮ್ಮ ಕೈಗೆ ಕೋನಮಾಪಕ ಮತ್ತು ನಿಲುಗಡಿಯಾರ ಕೊಟ್ಟು, ಅಳೆದು, ನಕ್ಷೆಯ ಮೇಲೆ ಗೆರೆ ಎಳೆದು, ಆ ಗೆರೆಯ ದಾರಿಯಲ್ಲೇ ತೋಟದೊಳಗೆ ನಡೆದು ಹೋಗಿ ನೋಡಲು ಹೇಳುತ್ತಾರೆ. ಲೆಕ್ಕ ಎಂದೂ ಕರಾರುವಾಕ್ಕಾಗಿ ಬರುವುದಿಲ್ಲ, ಒಂದೇ ನೊಣದ ಒಂದು ಓಟಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುತ್ತದೆ. ಆ ಚದುರುವಿಕೆಯನ್ನು ಮುಚ್ಚಿಡದೆ ಸರಾಸರಿ ತೆಗೆಯಲು ಕಲಿಸುವುದು ನನಗೆ ಮೆಚ್ಚಿಗೆಯಾಯಿತು.

ಒಂದು ಎಚ್ಚರಿಕೆ: ಕಾಫಿ ಹೂವಿನ ಕಾಲದಲ್ಲಿ ಹೋಗಬೇಕೆಂದು ಎಲ್ಲರಿಗೂ ಆಸೆಯಾಗುತ್ತದೆ. ಹೂಮಳೆ ಬಿದ್ದು ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬಿಳುಪಾಗಿ ನಿಂತಾಗ ಬರುವ ಪರಿಮಳಕ್ಕೆ ಬೆಲೆ ಕಟ್ಟಲಾಗದು, ನಿಜ. ಆದರೆ ಮೇವು ಪೆಟ್ಟಿಗೆಯ ಬಾಗಿಲಲ್ಲೇ ಇರುವಾಗ ಕುಣಿತದ ಓಟ ತೀರಾ ಚುಟುಕಾಗುತ್ತದೆ, ಅಳೆಯುವುದು ಕಷ್ಟವಾಗುತ್ತದೆ. ಕುಣಿತ ಓದಲು ಕಲಿಯಬೇಕೆನ್ನುವವರು ಹೂವು ಉದುರಿದ ಮೇಲೆ ಹೋಗುವುದು ಲೇಸು. ಹೂವಿನ ಕಾಲದಲ್ಲಿ ಹೋದವರಿಗೆ ಸಿಗುವುದು ಬೇರೆ ಪಾಠ: ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಹಾಗಾಗಿ ಹೆಜ್ಜೇನು, ತುಡುವೆ ಮತ್ತು ಕೊಂಡಿಯಿಲ್ಲದ ಸಣ್ಣ ಜೇನುಗಳ ಓಡಾಟದ ಜೊತೆ ಈ ಭಾಗದ ಫಸಲಿನ ಲೆಕ್ಕವೂ ತಳುಕು ಹಾಕಿಕೊಂಡಿದೆ.

ಕುಣಿತದಿಂದ ವಿಕಾಸಕ್ಕೆ ದಾಟುವ ಕ್ರಮ ಇನ್ನೂ ಚೆನ್ನಾಗಿದೆ. ಕೋಲುಜೇನು ಬಯಲಲ್ಲಿ ರೆಂಬೆಗೆ ಕಟ್ಟಿದ ಎರಿಯ ಮೇಲಿನ ಸಮತಟ್ಟಾದ ಜಾಗದಲ್ಲಿ ಕುಣಿಯುತ್ತದೆ, ಅದರ ಓಟ ನೇರವಾಗಿ ಹೂವಿನ ಕಡೆಗೇ ಮುಖ ಮಾಡಿರುತ್ತದೆ. ಹೆಜ್ಜೇನು ಬಯಲಲ್ಲೇ ಇದ್ದರೂ ಲಂಬವಾದ ಎರಿಯ ಮೇಲೆ ಕುಣಿಯುತ್ತದೆ, ಬೆಳದಿಂಗಳ ರಾತ್ರಿಯಲ್ಲೂ ಮೇವಿಗೆ ಹೋಗುತ್ತದೆ. ತುಡುವೆ ಪೊಟರೆಯ ಕತ್ತಲಲ್ಲಿ ಕುಣಿಯುತ್ತದೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಎಲ್ಲಕ್ಕೂ ಕಾಣುವ ಹಾಗೆ ದಿಕ್ಕು ತೋರಿಸುತ್ತಿದ್ದ ಸರಳ ಕುಣಿತವೊಂದು ಕತ್ತಲೆಯ ಗೂಡಿನಲ್ಲಿ ಭೂಮಿಯ ಸೆಳೆತವನ್ನೇ ಸೂರ್ಯನ ಬದಲಿಗೆ ಹಿಡಿದುಕೊಂಡು ಮುಂದುವರಿದಿರಬಹುದು ಎಂಬ ಊಹೆ ತಾನೇ ಮೂಡುತ್ತದೆ. ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕಾದಲ್ಲಿ ಈ ಜಾತಿಗಳನ್ನು ಹೋಲಿಸಿ ನೋಡಿದ್ದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರೂ ಭಾಗಿಯಾಗಿದ್ದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಭಾರತದ ಇದೇ ಮೂರು ಜಾತಿಗಳನ್ನು ಅಳೆದು, ದೂರವನ್ನು ಹೇಳುವ 'ಆಡುಮಾತು' ಆಯಾ ಜಾತಿ ಎಷ್ಟು ದೂರ ಮೇವಿಗೆ ಹೋಗುತ್ತದೆ ಎಂಬುದಕ್ಕೆ ಹೊಂದಿಕೊಂಡಿದೆ ಎಂದು ತೋರಿಸಿತು. ಹತ್ತಿರದಲ್ಲೇ ಸುತ್ತುವ ತುಡುವೆ ಸ್ವಲ್ಪ ದೂರವನ್ನೂ ಉದ್ದ ಓಟದಲ್ಲಿ ಬಿಡಿಸಿ ಹೇಳುತ್ತದೆ. ದೂರ ಹಾರುವ ಹೆಜ್ಜೇನು ಅಷ್ಟೇ ದೂರವನ್ನು ಚಿಕ್ಕ ಓಟದಲ್ಲಿ ಮುಗಿಸುತ್ತದೆ. ನಮ್ಮ ತೋಟಗಳಲ್ಲಿ ದಿನವೂ ಕಾಣುವ ನೊಣಗಳಲ್ಲಿ ಇಂಥ ಫಲಿತಾಂಶವಿದೆ ಎಂಬುದನ್ನು ಮಕ್ಕಳಿಗೆ ಹೇಳದಿದ್ದರೆ ನಾವು ಮೇಷ್ಟ್ರುಗಳಾಗಿ ಏನು ಮಾಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ತಳಿಶಾಸ್ತ್ರದ ಭಾಗಕ್ಕೂ ಜೇನೇ ಆಧಾರ. ವಾಲ್ಟರ್ ರೋಥೆನ್‌ಬೂಲರ್ 1964ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಬಣ್ಣದ ಕಾಫಿ ಬೀಜಗಳಿಂದ ಆಡಿಸಿ ಕಲಿಸುತ್ತಾರೆ. ರೋಗ ಬಂದು ಸತ್ತ ಮರಿಹುಳುಗಳಿರುವ ಕೋಶಗಳ ಮುಚ್ಚಳ ತೆರೆದು, ಅವನ್ನು ಎತ್ತಿ ಹೊರಗೆ ಹಾಕುವ ಸ್ವಚ್ಛತೆಯ ಅಭ್ಯಾಸವಿರುವ ತಳಿಯನ್ನು ಆ ಅಭ್ಯಾಸವಿಲ್ಲದ ತಳಿಯೊಂದಿಗೆ ಕೂಡಿಸಿದಾಗ ಹುಟ್ಟಿದ ಪೀಳಿಗೆ ಸ್ವಚ್ಛಗೊಳಿಸಲಿಲ್ಲ. ಆ ಮಿಶ್ರ ಪೀಳಿಗೆಯನ್ನು ಮತ್ತೆ ಸ್ವಚ್ಛ ತಳಿಗೆ ಕೂಡಿಸಿ ಪಡೆದ 29 ಕುಟುಂಬಗಳಲ್ಲಿ ಕೆಲವು ಎರಡೂ ಕೆಲಸ ಮಾಡಿದವು, ಕೆಲವು ಮುಚ್ಚಳ ತೆರೆದು ಸುಮ್ಮನಾದವು, ಇನ್ನು ಕೆಲವು ಮನುಷ್ಯರೇ ಮುಚ್ಚಳ ತೆರೆದುಕೊಟ್ಟರೆ ಮಾತ್ರ ಹುಳುವನ್ನು ಎತ್ತಿ ಹಾಕಿದವು. ಒಂದೇ ಎಂದು ನಾವು ಕಾಣುವ ವರ್ತನೆ ಎರಡು ತುಂಡುಗಳಾಗಿ ಬೇರೆ ಬೇರೆಯಾಗಿ ವಂಶದಲ್ಲಿ ಇಳಿಯಬಹುದು ಎಂಬುದು ಕಾಫಿ ಬೀಜಗಳ ಆಟದಲ್ಲಿ ಕಣ್ಣಿಗೆ ಕಟ್ಟುತ್ತದೆ. ಎರಡೇ ಜೀನ್‌ಗಳ ಆ ಲೆಕ್ಕ ಮುಂದಿನ ಅಧ್ಯಯನಗಳಲ್ಲಿ ಅಷ್ಟು ಸರಳವಾಗಿ ಉಳಿಯಲಿಲ್ಲ, ಇನ್ನೂ ಹೆಚ್ಚು ಜೀನ್‌ಗಳ ಕೈವಾಡವಿದೆ ಎಂಬುದನ್ನೂ ಮೇಷ್ಟ್ರು ಮರೆಯದೆ ಹೇಳಿದರು. ಇದಾದ ಬೆನ್ನಿಗೇ ಹಣ್ಣುನೊಣದಲ್ಲಿ ಅಲೆಮಾರಿ ಮರಿಹುಳುಗಳಿಗೂ ಕೂತಲ್ಲೇ ಮೇಯುವ ಮರಿಹುಳುಗಳಿಗೂ ಇರುವ ವ್ಯತ್ಯಾಸಕ್ಕೆ ಕಾರಣವಾದ ಜೀನ್‌ನ ಕಥೆ ಬಂತು. ಜೇನಿನಲ್ಲಿ ಅದೇ ಜೀನ್, ಗೂಡಿನಲ್ಲಿ ದಾದಿಯಾಗಿರುವ ನೊಣಕ್ಕಿಂತ ಮೇವಿಗೆ ಹೊರಡುವ ನೊಣದ ಮಿದುಳಿನಲ್ಲಿ ಹೆಚ್ಚು ಚುರುಕಾಗಿರುತ್ತದೆ ಎಂದು 2002ರಲ್ಲಿ ಕಂಡುಬಂತು. ಜೀನ್ ಹುಟ್ಟಿನಿಂದ ಇದ್ದೇ ಇದೆ, ಅದು ಯಾವಾಗ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ವಯಸ್ಸು ಮತ್ತು ಗೂಡಿನ ಅಗತ್ಯ ತೀರ್ಮಾನಿಸುತ್ತವೆ. ಹುಟ್ಟುಗುಣದ ಗಾದೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಇಷ್ಟು ಎಚ್ಚರದಿಂದ ಕಟ್ಟಿದ ಪಾಠದಲ್ಲೇ ಎರಡು ಕಡೆ ಕಾಲು ಜಾರಿದ್ದನ್ನು ಹೇಳಬೇಕು. 1990ರ ದಶಕದ ಆರಂಭದಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ಬಂದು ಕೊಡಗಿನ ತುಡುವೆ ಪೆಟ್ಟಿಗೆಗಳು ಖಾಲಿಯಾದದ್ದು ಇಲ್ಲಿನ ಹಿರಿಯ ಬೆಳೆಗಾರರಿಗೆಲ್ಲ ನೆನಪಿದೆ. ಆಗ ಉಳಿದುಕೊಂಡ ಕುಟುಂಬಗಳೆಲ್ಲ ಸ್ವಚ್ಛತೆಯ ಜೀನ್ ಇದ್ದವೇ ಎಂದು ಮೇಷ್ಟ್ರು ಖಚಿತವಾಗಿ ಹೇಳಿಬಿಟ್ಟರು. ಹಾಗೆ ಇದ್ದಿರಬಹುದು ಎಂಬುದು ಒಳ್ಳೆಯ ಪ್ರಶ್ನೆ, ಅದನ್ನು ಉತ್ತರವಾಗಿ ಕೊಡುವಂತಿಲ್ಲ. ಉಳಿದ ಗೂಡಿಗೆ ರೋಗವೇ ತಗುಲದಿರಬಹುದು, ಅಥವಾ ಅದರ ಮರಿಹುಳುಗಳಿಗೆ ವೈರಸ್ಸನ್ನು ತಡೆಯುವ ಶಕ್ತಿ ಇದ್ದಿರಬಹುದು.

ಎರಡನೆಯದು ಹೆಚ್ಚು ಮುಖ್ಯ. ಕೆಲಸಗಾರ ನೊಣ ತಾನು ಮೊಟ್ಟೆಯಿಡದೆ ರಾಣಿಯ ಮಕ್ಕಳನ್ನು ಏಕೆ ಸಾಕುತ್ತದೆ ಎಂಬುದಕ್ಕೆ ಡಬ್ಲ್ಯೂ.ಡಿ. ಹ್ಯಾಮಿಲ್ಟನ್ 1964ರಲ್ಲಿ ಕೊಟ್ಟ ವಿವರಣೆಯನ್ನು ರಾತ್ರಿಯ ಉಪನ್ಯಾಸದಲ್ಲಿ ತಂದರು. ನೆರವು ಪಡೆಯುವವರೊಂದಿಗಿನ ರಕ್ತಸಂಬಂಧದ ಪ್ರಮಾಣದಿಂದ ಅವರಿಗಾಗುವ ಲಾಭವನ್ನು ಗುಣಿಸಿದಾಗ ಅದು ನೆರವು ಕೊಡುವವರ ನಷ್ಟಕ್ಕಿಂತ ಹೆಚ್ಚಾಗಿದ್ದರೆ ಅಂಥ ನೆರವಿನ ಗುಣ ಹರಡಬಲ್ಲದು ಎಂಬುದು ಅದರ ತಿರುಳು. ಜೇನು, ಕಣಜ, ಇರುವೆಗಳಲ್ಲಿ ಗಂಡು ಫಲಿತವಾಗದ ಮೊಟ್ಟೆಯಿಂದ ಹುಟ್ಟಿ ತನ್ನ ಜೀನ್‌ಗಳೆಲ್ಲವನ್ನೂ ಪ್ರತಿ ಮಗಳಿಗೂ ಕೊಡುವುದರಿಂದ ಅಕ್ಕತಂಗಿಯರ ನಡುವಿನ ಸಂಬಂಧ ¾ ಆಗುತ್ತದೆ, ಸ್ವಂತ ಮಗಳೊಂದಿಗಿನ ½ ಕ್ಕಿಂತ ಅದು ಹೆಚ್ಚು, ಆದ್ದರಿಂದ ಸಮಾಜ ಕಟ್ಟಿಕೊಂಡವು ಎಂದು ಹೇಳಿ ದೀಪ ಆರಿಸಿಬಿಟ್ಟರು. ಆದರೆ ಜಗಲಿಯ ಮೇಲಿನ ಅದೇ ತುಡುವೆ ರಾಣಿ ಹಲವು ಗಂಡುಗಳೊಡನೆ ಕೂಡಿರುತ್ತದೆ. ಒಂದೇ ಗೂಡಿನ ಬಹಳಷ್ಟು ಕೆಲಸಗಾರ ನೊಣಗಳು ತಾಯಿಯೊಬ್ಬಳಾಗಿ ತಂದೆ ಬೇರೆಯಾದ ಸಹೋದರಿಯರು, ಅವುಗಳ ಸಂಬಂಧ ¼ ಮಾತ್ರ. ಹಾಗಾಗಿ ¾ ರ ಲೆಕ್ಕ ಮೇಷ್ಟ್ರ ಸ್ವಂತ ಪೆಟ್ಟಿಗೆಯಲ್ಲೇ ನಿಲ್ಲುವುದಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ತೋಟದ ಉಗ್ರಾಣದ ಸೂರಿನಡಿಯಲ್ಲಿ ಕಾಗದದಂಥ ಸಣ್ಣ ಕಣಜದ ಗೂಡುಗಳಿದ್ದವು. ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಇಂಥದೇ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿ, ಸಹೋದರಿಯರ ಸಂಬಂಧ ¾ ಕ್ಕಿಂತ ಕಡಿಮೆಯಿದ್ದಾಗಲೂ ಅವು ಸಹಕಾರದಿಂದ ಬದುಕುವುದೇಕೆ ಎಂದು ವಿಚಾರಿಸಿದ್ದಾರೆ. ಆ ಕಣಜದ ರಾಣಿ ಸಾಧು; ಅದನ್ನು ತೆಗೆದರೆ ಕೆಲಸಗಾರರಲ್ಲಿ ಒಂದು ತಟ್ಟನೆ ಜಗಳಗಂಟಿಯಾಗಿ ಮುಂದಿನ ರಾಣಿಯಾಗುತ್ತದೆ. ಕನ್ನಡ ನಾಡಿನಲ್ಲೇ ನಡೆದ ಕೆಲಸ, ತಲೆಯ ಮೇಲೇ ತೂಗುವ ಗೂಡು, ಅದರಡಿಯಲ್ಲಿ ನಡೆದಾಡಿದ ನಾವು. ಈ ಅವಕಾಶವನ್ನು ಕೈಬಿಟ್ಟದ್ದು ಶಿಬಿರದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಆನೆಯ ಪಾಠ ಬೆಳಗಿನ ನಡಿಗೆಯಲ್ಲಿ ಬರುತ್ತದೆ. ಆನೆಯನ್ನು ತೋರಿಸುವ ಭರವಸೆ ಅವರು ಕೊಡುವುದಿಲ್ಲ, ಕೊಡಲೂಬಾರದು. ಮುರಿದ ಬೇಲಿ, ಒಡೆದ ನೀರಿನ ತೊಟ್ಟಿಯ ಅಂಚು, ಕಾಫಿ ಬೀಜ ಸೇರಿದ ಲದ್ದಿ, ಹಲಸಿನ ಮರದ ಬುಡದ ತುಳಿತ ಇವೇ ಪಠ್ಯ. ಗದ್ದೆಗೆ ನುಗ್ಗುವವು ಹೆಚ್ಚಾಗಿ ಸಲಗಗಳೇ ಏಕೆ ಎಂಬ ಪ್ರಶ್ನೆಗೆ ರಾಮನ್ ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ 1988ರಲ್ಲಿ ಕೊಟ್ಟ ವಿವರಣೆಯನ್ನು ಇಲ್ಲಿ ಸೊಗಸಾಗಿ ಬಿಡಿಸುತ್ತಾರೆ. ಗಂಡಾನೆಗಳಲ್ಲಿ ಕೆಲವು ಬಹಳ ಮರಿಗಳಿಗೆ ತಂದೆಯಾಗುತ್ತವೆ, ಹಲವು ಒಂದಕ್ಕೂ ಆಗುವುದಿಲ್ಲ. ಮೈ ಬೆಳೆಸಿಕೊಂಡು ಮದಕ್ಕೆ ಬಂದವು ಗೆಲ್ಲುತ್ತವೆ. ಆದ್ದರಿಂದ ಕಾಡಿನ ಹುಲ್ಲಿಗಿಂತ ಪೌಷ್ಟಿಕವಾದ ಬೆಳೆಗಾಗಿ ಅಪಾಯ ಮೈಮೇಲೆ ಎಳೆದುಕೊಳ್ಳುವ ಗುಣಕ್ಕೆ ಗಂಡಿನಲ್ಲಿ ಬೆಲೆಯಿದೆ. ಮರಿಯನ್ನು ಕರೆದುಕೊಂಡು ನಡೆಯುವ ಹೆಣ್ಣಿಗೆ ಅದೇ ಅಪಾಯ ನಷ್ಟದ ಬಾಬತ್ತು. 'ಹಾಗಾದರೆ ನಮ್ಮ ತೋಟದಲ್ಲೇ ಹಗಲೆಲ್ಲ ಮಲಗಿರುವ ಗುಂಪಿಗೂ ಅದೇ ಜೀನೋ ಮೇಷ್ಟ್ರೇ?' ಎಂದು ಜೊತೆಯಲ್ಲಿದ್ದ ಬೆಳೆಗಾರರೊಬ್ಬರು ಕೇಳಿದರು. ಮೇಷ್ಟ್ರು ಆಗ ಕೊಟ್ಟ ಉತ್ತರ ಅವರ ಬೋಧನೆಯ ಗುಣಮಟ್ಟಕ್ಕೆ ಸಾಕ್ಷಿ. ಆನೆಯ ಒಂದು ತಲೆಮಾರು ಉರುಳಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕು, ಕಣ್ಣೆದುರೇ ಆದ ಬದಲಾವಣೆಗೆ ಜೀನ್ ಬದಲಾಯಿತು ಎಂಬ ಕಾರಣ ಸಾಲದು, ಅದು ಕಲಿಕೆ ಎಂದರು. ದಕ್ಷಿಣ ಭಾರತದಲ್ಲಿ ಮನುಷ್ಯರ ಹೊಲಗದ್ದೆಗಳ ನಡುವೆ ಓಡಾಡುವ ಎಳೆಯ ಗಂಡಾನೆಗಳು ಒಂಟಿಯಾಗಿರುವ ಬದಲು ದೀರ್ಘಕಾಲದ ಗಂಡುಗುಂಪುಗಳನ್ನು ಕಟ್ಟಿಕೊಳ್ಳುತ್ತಿರುವುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿರುವುದನ್ನೂ ಸೇರಿಸಿದರು. ಅಪಾಯ ಎದುರಿಸುವ ಒಲವು ವಿಕಾಸದಿಂದ ಬಂದಿರಬಹುದು, ಆದರೆ ಯಾವ ದಾರಿಯಲ್ಲಿ, ಯಾರ ಜೊತೆ, ಯಾವ ಹೊತ್ತಿಗೆ ಬರಬೇಕೆಂಬುದನ್ನು ಈ ಆನೆಗಳೇ ಕಲಿತಿವೆ.

ನಾಯಿಯ ಪಾಠ ಊಟದ ಕೋಣೆಯಲ್ಲೇ ನಡೆಯುತ್ತದೆ. ಮನೆಯ ಲ್ಯಾಬ್ರಡಾರ್ ಮತ್ತು ನಾಟಿ ನಾಯಿ ಎರಡೂ ಹಾಜರು. ಕೊಡಗಿನಲ್ಲಿ ನಾಯಿಯ ತಳಿಯ ಬಗ್ಗೆ ಅಭಿಪ್ರಾಯವಿಲ್ಲದ ಮನೆ ಸಿಗುವುದು ಕಷ್ಟ, ಹಾಗಾಗಿ ಇಲ್ಲಿ ಚರ್ಚೆ ಬಿಸಿಯಾಗುತ್ತದೆ. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಒಡೆಯರ ಉತ್ತರಗಳನ್ನು ಆಧರಿಸಿ 2022ರಲ್ಲಿ ಅಮೆರಿಕದಿಂದ ಬಂದ ಅಧ್ಯಯನದ ಪ್ರಕಾರ, ಒಂದು ನಾಯಿಗೂ ಇನ್ನೊಂದಕ್ಕೂ ಇರುವ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಶೇಕಡಾ 9ರಷ್ಟನ್ನು ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಸ್ವಲ್ಪ ಹೆಚ್ಚು, ಬೇಗ ರೇಗುವ ಗುಣದಲ್ಲಿ ತೀರಾ ಕಡಿಮೆ. ಬಂದವರಲ್ಲಿ ಯಾರೂ ಪೂರ್ತಿ ಒಪ್ಪಲಿಲ್ಲ. ಇದರ ಜೊತೆ ತೋರಿಸಿದ ಸೈಬೀರಿಯದ ನರಿಗಳ ಸ್ಲೈಡುಗಳು ಮಾತ್ರ ಹಳತಾಗಿವೆ. ದಿಮಿತ್ರಿ ಬೆಲ್ಯಾಯೆವ್ 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಸಾಧು ನರಿಗಳನ್ನಷ್ಟೇ ಆರಿಸಿ ತಳಿ ಬೆಳೆಸಲು ತೊಡಗಿದ್ದು, ಲ್ಯುದ್ಮಿಲಾ ತ್ರುತ್ ಅದನ್ನು ಮುಂದುವರಿಸಿದ್ದು, ಬಾಲ ಆಡಿಸುವ ಮರಿಗಳು ಹುಟ್ಟಿದ್ದು ಎಲ್ಲ ಸರಿ. ಆದರೆ ಆ ನರಿಗಳ ಪೂರ್ವಜರು ಕೆನಡಾದ ತುಪ್ಪಳದ ಫಾರ್ಮುಗಳಿಂದ ಬಂದವು, ಮಚ್ಚೆಯಂಥ ಕೆಲವು ಲಕ್ಷಣಗಳು ಅಲ್ಲೇ ಇದ್ದವು ಎಂಬ ಆಕ್ಷೇಪ 2019ರಲ್ಲೇ ಬಂದಿದೆ, ಸ್ಲೈಡುಗಳಲ್ಲಿ ಅದಿಲ್ಲ.

ಕೋಗಿಲೆಯ ಮರಿ ಕಾಗೆಯ ಗೂಡಿನಲ್ಲಿ ಬೆಳೆದೂ ಕೋಗಿಲೆಯ ದನಿಯನ್ನೇ ಹೇಗೆ ಕೂಗುತ್ತದೆ ಎಂಬ ಪ್ರಶ್ನೆಗೆ, ಪಕ್ಕದ ಮರದಲ್ಲೇ ಹತ್ತು ಹಕ್ಕಿಗಳ ದನಿ ಕೇಳಿ ಕಲಿತು, ಕದ್ದು ಕೂಗುವ ಭೀಮರಾಜ ಹಕ್ಕಿಯನ್ನು ಎದುರಿಗಿಟ್ಟದ್ದು ಜಾಣತನ. ಮಂಗಗಳ ಭಾಗ ಅವಸರದ್ದು. ಬಂಡೀಪುರದ ಕೋತಿಗಳು ಕೈ ಚಾಚಿ ವಿಶೇಷ ದನಿ ತೆಗೆದು ಪ್ರವಾಸಿಗರಿಂದ ತಿಂಡಿ ಕೇಳುವುದನ್ನು ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದ್ದನ್ನು ಹೇಳಿ ಮುಗಿಸಿದರು.

ನಡಿಗೆಗಳಲ್ಲಿ ದಾರಿ ತೋರಿಸುವವರು ತಿತಿಮತಿ ಕಡೆಯ ಜೇನುಕುರುಬ ಸಮುದಾಯದ ಹಿರಿಯರು. ಎಲ್ಲರೂ ಅವರನ್ನು 'ಅಣ್ಣ' ಎನ್ನುತ್ತಾರೆ. ಹೆಜ್ಜೇನು ಯಾವ ಮರಕ್ಕೆ ವರ್ಷ ವರ್ಷವೂ ಮರಳುತ್ತದೆ, ಕಣಜ ಎರಗಿದಾಗ ಗೂಡಿನ ಮೇಲೆ ನೊಣಗಳು ಸಾಲಾಗಿ ಮೈ ಎತ್ತಿ ಅಲೆ ಎಬ್ಬಿಸುವುದನ್ನು ಯಾವ ಕಡೆ ನಿಂತು ನೋಡಬೇಕು ಎಂಬುದನ್ನು ಕಲಿಸಿದವರು ಅವರೇ. ಶಿಬಿರದ ಕರಪತ್ರದಲ್ಲಿ ಅವರನ್ನು 'ಸಹಾಯಕ' ಎಂದು ಮಾತ್ರ ನಮೂದಿಸಿದ್ದಾರೆ. ಪಾಠದ ಅರ್ಧ ಭಾಗ ಹೇಳಿದವರಿಗೆ ಸಲ್ಲಬೇಕಾದದ್ದು ಶಿಕ್ಷಕರ ಸ್ಥಾನ. ಇದನ್ನು ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿಯೂ ಬರೆದಿದ್ದೇನೆ.

ವಸತಿ ಸಾಧಾರಣ, ಶುಚಿಯಾಗಿದೆ, ಬಿಸಿನೀರಿಗೆ ಕಟ್ಟಿಗೆ ಒಲೆ. ಊಟದ ಬಗ್ಗೆ ದೂರಿಲ್ಲ: ಕಡಂಬುಟ್ಟು, ಪಂದಿಕರಿ, ನೂಪುಟ್ಟು, ಸಸ್ಯಾಹಾರಿಗಳಿಗೆ ಅಕ್ಕಿರೊಟ್ಟಿಯೊಂದಿಗೆ ಕಳಲೆ ಪಲ್ಯ. ಶುಲ್ಕ ಸುತ್ತಲಿನ ಹೋಂಸ್ಟೇಗಳಿಗಿಂತ ಸುಮಾರು ಒಂದೂವರೆ ಪಟ್ಟು. ಪಾಠ, ಉಪಕರಣ, ನಡಿಗೆ ಎಲ್ಲ ಸೇರಿರುವುದರಿಂದ ಅದು ಹೆಚ್ಚಲ್ಲ, ಶಿಕ್ಷಕರಿಗೆ ರಿಯಾಯಿತಿಯೂ ಇದೆ. ಪಾಠ ಕನ್ನಡದಲ್ಲೇ ನಡೆಯುತ್ತದೆ. ಹೈಸ್ಕೂಲು ದಾಟದ ಮಕ್ಕಳಿಗೆ ಜೇನು ಮತ್ತು ನಡಿಗೆ ಹಿಡಿಸುತ್ತವೆ, ರಾತ್ರಿಯ ಉಪನ್ಯಾಸದಲ್ಲಿ ಅವರು ನಿದ್ದೆ ಹೋಗುತ್ತಾರೆ. ಜೇನು ಕಡಿತಕ್ಕೆ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು. ಅಲ್ಲಿಂದ ಆಸ್ಪತ್ರೆ ಹತ್ತಿರವಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಶಿಬಿರ ಇರುವುದಿಲ್ಲ. ಹೋಗುವ ಮುನ್ನ ಗಾಜಿನ ಪೆಟ್ಟಿಗೆಯಲ್ಲಿ ಜೇನಿದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ತುಡುವೆ ಕುಟುಂಬಕ್ಕೆ ಜಾಗ ಹಿಡಿಸದಿದ್ದರೆ ಎದ್ದು ಹೋಗುವುದುಂಟು, ಹೊಸ ಕುಟುಂಬ ಕೂರಿಸಿ ಅದು ನೆಲೆಯೂರಲು ಕೆಲವು ವಾರ ಹಿಡಿಯುತ್ತದೆ.